ಇಲಿ ಬೋನು ಮತ್ತು ನನ್ನ ದವಡೆ

ನಮ್ಮ ಮನೆಯಲ್ಲಿ ಇಲಿ ಸೇರಿಕೊಂಡಿದೆ ಅಂತ ಮೊದಲು ಹೇಳಿದ್ದು ನನ್ನ ಹೆಂಡತಿ. ರಾತ್ರಿ ಎರಡು ಗಂಟೆಗೆ ಕರ್ ಕರ್ ಅಂತ ಏನೋ ಕಡಿಯುವ ಸದ್ದಂತೆ. ಮಾರ್ಕೆಟ್ಟಿಗೆ ಹೋಗಿ ಬೋನು ತಂದೆ. ಕಡಕ್ ರೊಟ್ಟಿಯ ಚೂರಿಗೆ ಶೇಂಗಾ ಹಿಂಡಿ ಹಚ್ಚಿ ಮೂರು ರಾತ್ರಿ ಇಟ್ಟೆವು. ಇಲಿ ಬರಲಿಲ್ಲ, ಸದ್ದೂ ನಿಲ್ಲಲಿಲ್ಲ. ನಾಲ್ಕನೇ ರಾತ್ರಿ ಅವಳು ಮೊಬೈಲ್ ಟಾರ್ಚ್ ಹಿಡಿದು ಅಡುಗೆಮನೆ, ದೇವರ ಜಗುಲಿ, ಟ್ರಂಕಿನ ಸಂದಿ ಎಲ್ಲ ಹುಡುಕಿ, ಕೊನೆಗೆ ಸದ್ದಿನ ಹಿಂದೆಯೇ ಬಂದು ನನ್ನ ಮುಖಕ್ಕೆ ಬೆಳಕು ಬಿಟ್ಟಳು.

"ಏಳ್ರೀ. ಇಲಿ ಸಿಕ್ತು."

ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೆ. ಹೊಟ್ಟೆಯಲ್ಲಿ ಜಂತು ಆಗಿದೆ ಅಂತ ಅವ್ವ ತೀರ್ಪು ಕೊಟ್ಟಳು. ನಲವತ್ತಾರನೇ ವಯಸ್ಸಿನಲ್ಲಿ ಎದುರಿಗೆ ನಿಂತು ಜಂತಿನ ಗುಳಿಗೆ ನುಂಗಿಸಿದಳು. ಜಂತು ಇದ್ದವೋ ಇಲ್ಲವೋ, ಕರ್ ಕರ್ ಮಾತ್ರ ಹಾಗೇ ಇತ್ತು.

ಅದರ ಜೊತೆಗೆ ಇನ್ನೊಂದು ಶುರುವಾಯಿತು. ಬಾಯಿ ತೆಗೆದಾಗೆಲ್ಲ ಬಲಗಿವಿಯ ಮುಂದೆ ಟಕ್ ಅನ್ನುವುದು. ವಿಜಯಪುರದಲ್ಲಿ ಇದ್ದುಕೊಂಡು ಕಡಕ್ ರೊಟ್ಟಿ ಬಿಡೋಕಾಗುತ್ತಾ? ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚಿದರೆ ರೊಟ್ಟಿಯದೊಂದು ಸದ್ದು, ದವಡೆಯದೊಂದು ಸದ್ದು. ಪಕ್ಕದ ಟೇಬಲಿನವನು "ಯಾವುದು ಮುರೀತು ಸರ್?" ಅಂತ ಕೇಳುವಷ್ಟು. ಆಮೇಲೆ ಕಿವಿ ನೋವು ಬಂತು. ಕಿವಿ ನೋವು ಅಂದಮೇಲೆ ಕಿವಿ ಡಾಕ್ಟರು, ಅಲ್ವಾ? ಅವರು ದೀಪ ಹಾಕಿ ನೋಡಿ, ಒಳ್ಳೆ ಕಿವಿ, ಏನೂ ಆಗಿಲ್ಲ, ಹಲ್ಲಿನವರ ಹತ್ತಿರ ಹೋಗಿ ಅಂದರು. ತಾಲ್ಲೂಕು ಕಚೇರಿಯಲ್ಲಿ ಈ ಟೇಬಲಿನಿಂದ ಆ ಟೇಬಲಿಗೆ ಕಳಿಸುತ್ತಾರಲ್ಲ, ಹಾಗೇ ಅನಿಸಿತು. ಆಮೇಲೆ ಓದಿದೆ, ಅವರು ಹೇಳಿದ್ದೇ ಸರಿ. ದವಡೆಯ ಕೀಲು ಕಿವಿಗೆ ಅಂಟಿಕೊಂಡೇ ಇದೆ, ಅಲ್ಲಿಯ ನೋವು ಕಿವಿಯ ನೋವೇ ಅನಿಸುತ್ತದೆ. 1934ರಷ್ಟು ಹಿಂದೆಯೇ ಅಮೆರಿಕದ ಜೇಮ್ಸ್ ಕಾಸ್ಟೆನ್ ಅನ್ನುವ ಕಿವಿ-ಮೂಗು-ಗಂಟಲಿನ ಡಾಕ್ಟರು ಈ ಎರಡಕ್ಕೂ ನಂಟು ಹಾಕಿ ಬರೆದಿದ್ದರು. ಹಿಂದಿನ ಹಲ್ಲು ಹೋಗಿ ಕಚ್ಚುವಿಕೆ ಕೆಟ್ಟಿದ್ದೇ ಮೂಲ ಅನ್ನುವ ಅವರ ಮಾತು ಆಮೇಲೆ ನಿಲ್ಲಲಿಲ್ಲ. ಆದರೆ ಬಹಳ ದಿನ ಈ ಕಾಯಿಲೆಗೆ ಅವರದೇ ಹೆಸರಿತ್ತು.

ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ನನ್ನದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯಿಗೆ ಹಾಕಿಕೊಳ್ಳಲು ಹೇಳಿದರು. ಸರಿಯಾದ ಬಾಯಿಗೆ ಮೂರೂ ಹೋಗಬೇಕಂತೆ. ನನ್ನದಕ್ಕೆ ಎರಡು ಹೋದವು, ಮೂರನೆಯದು ಬಾಗಿಲಲ್ಲೇ ನಿಂತಿತು. ಆಮೇಲೆ ಅವರು ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆಗೆಸಿದರು, ಮುಚ್ಚಿಸಿದರು. ಕೀಲಿನ ಎರಡು ಎಲುಬಿನ ನಡುವೆ ತೆಳ್ಳಗಿನ ಗಾದಿಯಂಥದ್ದು ಇರುತ್ತದಂತೆ. ಬಾಯಿ ತೆಗೆದಾಗ ಕೆಳದವಡೆಯ ಗುಬುಟು ಮೊದಲು ತಿರುಗುತ್ತದೆ, ಆಮೇಲೆ ಮುಂದಕ್ಕೆ ಜಾರುತ್ತದೆ, ಗಾದಿಯೂ ಜೊತೆಗೇ ಜಾರಬೇಕು. ನನ್ನ ಗಾದಿ ಮೊದಲೇ ಮುಂದೆ ಹೋಗಿ ಕೂತುಬಿಟ್ಟಿದೆ. ಮಳೆಯಲ್ಲಿ ನಡೆಯುವಾಗ ಚಪ್ಪಲಿ ಕಾಲಿಗಿಂತ ಮುಂದೆ ಜಾರುತ್ತದೆ, ನಾವು ಓಡಿಹೋಗಿ ಕಾಲು ತೂರಿಸುತ್ತೇವಲ್ಲ, ಆ ತೂರಿಸಿದ ಸದ್ದೇ ನನ್ನ ಟಕ್. ನೋವಿಲ್ಲದೆ ಸುಮ್ನೆ ಟಕ್ ಅನ್ನುವ ದವಡೆ ಎಷ್ಟೋ ಜನಕ್ಕೆ ಇರುತ್ತದೆ, ಅದಕ್ಕೆ ಔಷಧವೇ ಬೇಡ ಅಂದರು. ನನ್ನದಕ್ಕೆ ನೋವಿತ್ತು, ಫೀಸು ತಪ್ಪಲಿಲ್ಲ.

"ಹಗಲೂ ಹಲ್ಲು ಕಚ್ತೀರೇನ್ರಿ ಸರ್?"

"ಛೆ, ಇಲ್ರಿ."

"ಈಗ ಕಚ್ಚೀರಿ ನೋಡ್ರಿ."

ಹೌದು, ಕಚ್ಚಿದ್ದೆ. ಬ್ಯಾಂಕಿನಲ್ಲಿ ಕೆಲಸ. ಮಾರ್ಚ್ ತಿಂಗಳು. ಮುಂದೆ ಕೌಂಟರಿನ ಸಾಲು, ಹಿಂದೆ ಮ್ಯಾನೇಜರು, ಮನೆಗೆ ಹೋದರೆ ಸಾಲದ ಕಂತು. ಯಾರಿಗೂ ತಿರುಗಿ ಮಾತಾಡುವ ಹಾಗಿಲ್ಲ. ಹಲ್ಲು ಕಚ್ಚಿ ಸಹಿಸಿಕೋ ಅಂತ ಚಿಕ್ಕವನಿದ್ದಾಗಿನಿಂದ ಎಲ್ಲರೂ ಹೇಳಿದ್ದರು, ನಾನು ಅದನ್ನು ಅಕ್ಷರಶಃ ಪಾಲಿಸಿಬಿಟ್ಟೆ. ಡಾಕ್ಟರ ಪ್ರಕಾರ ಉಣ್ಣುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲು ಮುಟ್ಟಲೇಬಾರದು. ನಾಲಿಗೆ ಮೇಲೆ ಅಂಗುಳಕ್ಕೆ ತಾಗಿರಬೇಕು, ತುಟಿ ಮುಚ್ಚಿರಬೇಕು, ಹಲ್ಲು ಬಿಟ್ಟಿರಬೇಕು. ತುಟಿ ಮುಚ್ಚಿ ಹಲ್ಲು ಬಿಡೋದು ಹೇಗೆ ಅಂತ ಕೇಳಿದ್ದಕ್ಕೆ ಅವರೇ ಹಲ್ಲು ಬಿಟ್ಟರು.

ನೆನಪಿಗೆ ಕಣ್ಣೆದುರು ಏನಾದರೂ ಗುರುತು ಅಂಟಿಸಿಕೊಳ್ಳಿ, ಕಂಡಾಗೆಲ್ಲ ದವಡೆ ಸಡಿಲ ಬಿಡಿ ಅಂದರು. ನಾನು ಹೆಂಡತಿಯ ಕೆಂಪು ಟಿಕಳಿ ತಂದು ಆಫೀಸಿನ ಕಂಪ್ಯೂಟರಿಗೆ ಅಂಟಿಸಿದೆ. ಗಂಡಸಿನ ಕಂಪ್ಯೂಟರ್ ಮೇಲೆ ಟಿಕಳಿ. ಅದರ ಮೇಲೆ ಎದ್ದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವನ್ನೂ ಹಲ್ಲು ಕಚ್ಚದೆ ಸಹಿಸಬೇಕಾಯಿತು, ಅದು ಇನ್ನೂ ಕಷ್ಟ.

ದಿನಕ್ಕೆ ಎರಡು ಸಲ ಬಿಸಿ ಬಟ್ಟೆಯ ಶಾಖ ಅಂತಲೂ ಹೇಳಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪಡಸಾಲೆಯ ಗೋಡೆಗೆ ಆನಿಕೊಂಡು ಕೂತಿದ್ದೆ. ಕೈ ನೋಯುತ್ತದೆ ಅಂತ ಹೆಂಡತಿ ಬಿಸಿ ಟವೆಲ್ಲನ್ನು ಗದ್ದದಿಂದ ನೆತ್ತಿಗೆ ಬಿಗಿದು ಗಂಟು ಹಾಕಿ ಒಳಗೆ ಹೋದಳು. ಹಾಯಾಗಿತ್ತು, ಕಣ್ಣು ಮುಚ್ಚಿದೆ. ನಮ್ಮವರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಹೀಗೇ ಗೋಡೆಗೆ ಆನಿಸಿ ಕೂರಿಸುತ್ತಾರೆ, ಬಾಯಿ ತೆರೆಯದಂತೆ ಗದ್ದಕ್ಕೆ ಬಟ್ಟೆ ಕಟ್ಟುತ್ತಾರೆ. ಅದು ನನಗೆ ಹೊಳೆಯಲಿಲ್ಲ. ಮೊಸರಿನ ಹೆಪ್ಪು ಕೇಳಲು ಬಂದ ಪಕ್ಕದ ಮನೆ ಕಾಕುಗೆ ಹೊಳೆಯಿತು.

"ಅಯ್ಯೋ ನಮ್ಮವ್ವಾ! ಯಾವಾಗ ಆತವ್ವಾ ಇದು?"

ಒಳಗಿನಿಂದ ಹೆಂಡತಿ, ದವಡೆ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡು, "ಹದಿನೈದು ದಿನ ಆತ್ರಿ ಕಾಕು" ಅಂದಳು.

"ಹದಿನೈದು ದಿನ ಮನ್ಯಾಗ ಇಟ್ಕೊಂಡೀರೇನವ್ವಾ?"

ನಾನು ಕಣ್ಣು ತೆಗೆದೆ. ಇಲ್ರಿ ಕಾಕು ಅನ್ನಲು ಬಾಯಿ ತೆಗೆಯಹೋದೆ, ಟಕ್ ಅಂತು. ಹೆಪ್ಪಿನ ಬಟ್ಟಲು ಬಿದ್ದ ಜಾಗದಲ್ಲಿ ಫರಸಿ ಇನ್ನೂ ಸೀಳಿದೆ.

ಊಟದ ಕಥೆ ಬೇಡ. ಕಡಕ್ ರೊಟ್ಟಿ, ಕಬ್ಬು, ಹುರಿದ ಶೇಂಗಾ, ಅಮೀನಗಡದ ಕರದಂಟು ಎಲ್ಲ ಬಂದ್. ಜೋಳದ ನುಚ್ಚು, ಮಜ್ಜಿಗೆ, ಹಾಲಲ್ಲಿ ನೆನೆಸಿದ ಮೆತ್ತಗಿನ ರೊಟ್ಟಿ. ಬೆಳಗಾವಿಯಿಂದ ಬಂದ ಮೈದುನ ಕರುಣೆ ತೋರಿ ಅರ್ಧ ಕಿಲೋ ಕುಂದಾ ತಂದ. ಕುಂದಾಕ್ಕೆ ಹಲ್ಲು ಬೇಡ, ಅದು ನಾಲಿಗೆಯ ಮೇಲೇ ಕರಗುತ್ತದೆ. ಇದನ್ನೂ ಚೀಟಿಯಲ್ಲಿ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿದೆ. ಬರೆಯಲಿಲ್ಲ.

ಹಲ್ಲಿನ ವಿಷಯದಲ್ಲೂ ಒಂದು ತಪ್ಪು ಸಿಕ್ಕಿತು. ಎರಡು ತಿಂಗಳ ಹಿಂದೆ ಬೇರೆ ಕಡೆ ಒಂದು ದವಡೆ ಹಲ್ಲಿಗೆ ಸಿಮೆಂಟ್ ತುಂಬಿಸಿದ್ದೆ. ನೀಲಿ ಬಣ್ಣದ ತೆಳ್ಳನೆ ಕಾಗದ ಬಾಯಿಗಿಟ್ಟು ಕಟ್ ಕಟ್ ಕಚ್ಚಿಸಿದರು, ಆ ಹಲ್ಲಿನ ಮೇಲೆ ಮಾತ್ರ ಗಟ್ಟಿ ನೀಲಿ ಚುಕ್ಕೆ ಬಿತ್ತು. ಕೂದಲೆಳೆಯಷ್ಟು ಎತ್ತರ ಇತ್ತಂತೆ. ಸಿಮೆಂಟನ್ನು ಅಷ್ಟೇ ಉಜ್ಜಿದರು. ಎದ್ದು ನಿಂತರೆ ಬಾಯಿಯಲ್ಲಿ ಬೇರೆ ಯಾರದೋ ಹಲ್ಲು ಇದ್ದ ಹಾಗಿತ್ತು. ನನಗೆ ಉತ್ಸಾಹ ಬಂದು, ಹಂಗಾದ್ರ ಎಲ್ಲಾ ಹಲ್ಲೂ ಉಜ್ಜಿ ಸಮ ಮಾಡಿಬಿಡ್ರಿ ಅಂದೆ. ಡಾಕ್ಟರು ಸೀದಾ ಹೇಳಿದರು, "ಹಲ್ಲು ಉಜ್ಜಿದ್ದು ತಿರುಗಿ ಬೆಳಿಯೂದಿಲ್ರಿ ಸರ್. ಇದು ಹೆಚ್ಚಿನ ಮಂದಿಗೆ ಆರಾಮ ಕೊಟ್ರ ಹೋಗ್ತದ. ಆಪರೇಷನ್ ಬಹಳ ಕಡಿಮಿ ಮಂದಿಗೆ ಬೇಕಾಗ್ತದ." ಇಂಥ ಡಾಕ್ಟರು ಸಿಕ್ಕರೆ ಬಿಡಬೇಡಿ.

ಹಲ್ಲು ಕಡಿತಕ್ಕೆ ಮಾತ್ರ ಒಂದು ತಟ್ಟೆ ಮಾಡಿಸಿದರು. ಗುಲಾಬಿ ಬಣ್ಣದ ಲೇಪ ಬಾಯಿ ತುಂಬ ತುಂಬಿ ಅಚ್ಚು ತೆಗೆದರು, ಗಂಟಲಿಗೆ ಇಳಿದು ಇನ್ನೇನು ವಾಂತಿ ಅನ್ನುವಷ್ಟರಲ್ಲಿ ಗಟ್ಟಿಯಾಯಿತು. ವಾರದ ಮೇಲೆ ಗಾಜಿನಂಥ ಗಟ್ಟಿ ಪ್ಲಾಸ್ಟಿಕ್ ತಟ್ಟೆ ಬಂತು. ರಾತ್ರಿ ಮೇಲಿನ ಹಲ್ಲಿಗೆ ಹಾಕಿಕೊಳ್ಳಬೇಕು. ಇದು ಕಡಿಯುವುದನ್ನು ನಿಲ್ಲಿಸುವ ಗ್ಯಾರಂಟಿ ಇಲ್ಲ, ಹಲ್ಲು ಸವೆಯದ ಹಾಗೆ ಕಾಯುತ್ತದೆ, ಕೀಲಿನ ಮೇಲಿನ ಭಾರ ಇಳಿಸುತ್ತದೆ ಅಷ್ಟೇ. ಅದನ್ನು ಹಾಕಿಕೊಂಡರೆ ಮಾತು ತೊದಲುತ್ತದೆ. ರಾತ್ರಿ ಹತ್ತಕ್ಕೆ ಫೋನ್ ಮಾಡಿದ ಮ್ಯಾನೇಜರು "ಪಾರ್ಟಿ ಜೋರ್ ಏನ್ರೀ?" ಅಂದು ಇಟ್ಟುಬಿಟ್ಟರು.

ಎರಡು ತಿಂಗಳಿಗೆ ಮೂರನೇ ಬೆರಳಿಗೂ ಜಾಗ ಆಯಿತು. ನೋವು ಹೋಯಿತು, ಟಕ್ ಪೂರ್ತಿ ಹೋಗಲಿಲ್ಲ. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಕೊಡುತ್ತೇನೆ. ಬೇಸಿಗೆ ರಜೆಗೆ ಅಣ್ಣನ ಮಕ್ಕಳು ಬಂದವು, ಗೋಳಗುಮ್ಮಟ ತೋರಿಸದೆ ಇರೋಕಾಗುತ್ತಾ? ಏಳು ಅಂತಸ್ತು ಹತ್ತಿ ಗ್ಯಾಲರಿಗೆ ಬಂದೆವು. ಅಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತದೆ ಅಂತ ಎಲ್ಲರೂ ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಕಾಕಾ ನೀವೂ ಕೂಗ್ರಿ ಅಂತ ದುಂಬಾಲು ಬಿದ್ದವು. ಡಾಕ್ಟರಿಗೆ ಕೂಗಲ್ಲ ಅಂತ ಮಾತು ಕೊಟ್ಟಿದ್ದೇನೆ ಅಂದರೆ ಯಾವ ಮಗು ಕೇಳುತ್ತದೆ? ಆಯ್ತು, ಆಚೆ ಬದಿ ಹೋಗಿ ಗೋಡೆಗೆ ಕಿವಿ ಇಡು, ಪಿಸುಗುಟ್ಟುತ್ತೇನೆ ಅಂತ ಸಣ್ಣವಳನ್ನು ಕಳಿಸಿದೆ. ಕೂಗುವವರು ಒಂದು ಗಳಿಗೆ ಸುಮ್ಮನಾದರು. ನಾನು ಗೋಡೆಯ ಹತ್ತಿರ ಬಾಯಿ ತಂದು, ಹುಷಾರಾಗಿ, ಅರ್ಧ ಮಾತ್ರ ತೆಗೆದೆ.

ಆಚೆಯಿಂದ ಅವಳ ದನಿ ಕಿವಿಯ ಪಕ್ಕದಲ್ಲೇ ಬಂತು.

"ಕಾಕಾ, ಯಾರೋ ಹಪ್ಪಳ ಮುರದ್ರು."