ಘಟ್ಟದಲ್ಲಿ ಮಾತ್ರ ಬಿಸಿಯಾಗುತ್ತಿದ್ದ ಕಾರು

ನಮ್ಮ ಮನೆ ಕುಮಟಾದಲ್ಲಿ, ಹೆಂಡತಿಯ ತವರು ಶಿರಸಿಯಲ್ಲಿ. ತಿಂಗಳಿಗೆ ಎರಡು ಸಲವಾದರೂ ದೇವಿಮನೆ ಘಟ್ಟ ಹತ್ತಿ ಇಳಿಯುವುದು ರೂಢಿ. ಹನ್ನೊಂದು ವರ್ಷ ಹಳೆಯದಾದ ನಮ್ಮ ಪೆಟ್ರೋಲ್ ಕಾರಿಗೆ ಕಳೆದ ವರ್ಷ ಈ ದಾರಿಯಲ್ಲಿ ಒಂದು ವಿಚಿತ್ರ ರೋಗ ಅಂಟಿಕೊಂಡಿತು. ಕತಗಾಲದವರೆಗೆ ನಡುವಿನಲ್ಲಿ ಅಲುಗಾಡದೆ ನಿಂತಿರುತ್ತಿದ್ದ ಟೆಂಪರೇಚರ್ ಮುಳ್ಳು ಘಟ್ಟದ ಏರಿನಲ್ಲಿ ಒಮ್ಮೊಮ್ಮೆ ಕೆಂಪು ಗೆರೆಯ ಹತ್ತಿರಕ್ಕೆ ಹೋಗುತ್ತಿತ್ತು. ದಾರಿಬದಿಯಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಹೊರಟರೆ ಏನೂ ಆಗಿಯೇ ಇಲ್ಲವೆಂಬಂತೆ ಶಿರಸಿ ಮುಟ್ಟಿಸುತ್ತಿತ್ತು. ಪ್ರತಿ ಸಲವೂ ಹೀಗಾಗಿದ್ದರೆ ಪತ್ತೆ ಹಚ್ಚುವುದು ಸುಲಭವಿತ್ತು. ನಾಲ್ಕು ಸಲ ಹತ್ತಿದರೆ ಒಂದು ಸಲ ಮಾತ್ರ ಈ ಕಾಟ. ಗ್ಯಾರೇಜಿಗೆ ಒಯ್ದ ದಿನವಂತೂ ಕಾರು ಹೊಸ ಅಳಿಯನಷ್ಟು ಸಭ್ಯವಾಗಿರುತ್ತಿತ್ತು.

ಮೊದಲು ಥರ್ಮೋಸ್ಟಾಟ್ ಬದಲಾಯಿಸಿದರು; ಎಂಜಿನ್ ಹದವಾಗಿ ಕಾದ ಮೇಲೆ ಬಾಯಿ ತೆರೆದು, ಅದನ್ನು ತಂಪಾಗಿಡುವ ದ್ರವವಾದ ಕೂಲೆಂಟನ್ನು ಗಾಳಿಗೆ ತಣಿಯಲು ರೇಡಿಯೇಟರಿಗೆ ಬಿಡುವ ವಾಲ್ವ್ ಅದು. ಮೂರು ವಾರ ತೊಂದರೆಯಿರಲಿಲ್ಲ, ನಾಲ್ಕನೆಯ ವಾರ ಮುಳ್ಳು ಮತ್ತೆ ಏರಿತು. ಆಮೇಲೆ ಕೂಲೆಂಟನ್ನು ಸುತ್ತಿಸುವ ವಾಟರ್ ಪಂಪ್ ಬದಲಾಯಿತು. ಮತ್ತೆ ಮೂರು ವಾರ ನೆಮ್ಮದಿ. ಬಳಿಕ ರೇಡಿಯೇಟರನ್ನು ಬಿಚ್ಚಿ ತೊಳೆಸಿದ್ದಾಯಿತು, ಆಗಲೂ ಅಷ್ಟೇ. ಒಟ್ಟು ಹದಿನಾಲ್ಕು ಸಾವಿರ ರೂಪಾಯಿ ಖರ್ಚಾದ ಮೇಲೆ ನನಗೆ ಹೊಳೆದ ಸಂಗತಿಯನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಈ ಮೂರರಲ್ಲಿ ಯಾವ ಕೆಲಸ ಮಾಡಬೇಕಾದರೂ ಕೂಲೆಂಟನ್ನು ಹೊರಗೆ ತೆಗೆಯಬೇಕು, ಕೆಲಸ ಮುಗಿದ ಮೇಲೆ ಕಂಠಮಟ್ಟ ತುಂಬಿ ಒಳಗಿನ ಗಾಳಿಯನ್ನು ಹೊರಡಿಸಬೇಕು. ಅಂದರೆ ಪ್ರತಿ ಸಲ ಕಾರು ಸರಿಯಾದದ್ದು ಹೊಸ ಭಾಗದಿಂದಲ್ಲ, ಆ ಭಾಗದ ನೆಪದಲ್ಲಿ ತುಂಬಿದ ಕೂಲೆಂಟಿನಿಂದ. ಕೂಲೆಂಟ್ ಕಡಿಮೆಯಾಗಿ ಎಂಜಿನ್ ಆಗಾಗ ಬಿಸಿಯಾಗುವ ಕಾರಿನಲ್ಲಿ, ಅದನ್ನು ಮತ್ತೆ ತುಂಬಿಸುವ ಯಾವ ರಿಪೇರಿ ಮಾಡಿದರೂ ಕೆಲವು ದಿನ ಗುಣ ಕಾಣುತ್ತದೆ, ಮತ್ತು ಆ ಗುಣವನ್ನು ನಂಬಿ ನಾವು ಹಣ ತೆರುತ್ತೇವೆ. ಮೆಕ್ಯಾನಿಕ್ ಮೋಸ ಮಾಡಿದನೆಂದು ನಾನು ಹೇಳುತ್ತಿಲ್ಲ. ಅವನೂ ನನ್ನಂತೆಯೇ ನಂಬಿದ್ದ.

ನಿಜವಾದ ಸುಳಿವು ಸಿಕ್ಕಿದ್ದು ಜುಲೈ ತಿಂಗಳ ಒಂದು ಮಧ್ಯಾಹ್ನ. ಘಟ್ಟದಲ್ಲಿ ಮಳೆಯೂ ಮಂಜೂ ಸೇರಿ ಮುಂದಿನ ಗಾಜು ಒಳಗಿನಿಂದ ಮಸುಕಾಗಿತ್ತು. ಗಾಜು ತಿಳಿಯಾಗಲಿ ಎಂದು ಹೆಂಡತಿ ಗುಂಡಿಯನ್ನು ಬಿಸಿಯ ಕಡೆಗೆ ಪೂರ್ತಿ ತಿರುಗಿಸಿ ಗಾಳಿಗೆ ಕೈಯೊಡ್ಡಿದಳು. “ಇದೆಂತದು, ಬಿಸಿ ಹಾಕಿದ್ರೆ ತಣ್ಣಗೆ ಬರ್ತದಲ್ಲ?” ಎಂದಳು. ಮುಳ್ಳು ನೋಡಿದರೆ ಮುಕ್ಕಾಲಿನಷ್ಟು ಏರಿತ್ತು. ಎಂಜಿನ್ ಕುದಿಯುತ್ತಿದೆ, ಹೀಟರ್ ತಣ್ಣಗಿದೆ.

ಕಾರಿನ ಹೀಟರಿಗೆ ಬೇರೆ ಒಲೆಯಿಲ್ಲ. ಎಂಜಿನ್ನಿನಲ್ಲಿ ಕಾದ ಕೂಲೆಂಟೇ ಒಂದು ಸಣ್ಣ ಪೈಪಿನ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಬರುತ್ತದೆ, ಅದರ ಮೇಲಿಂದ ಹಾದ ಗಾಳಿ ಬಿಸಿಯಾಗಿ ನಮಗೆ ತಾಗುತ್ತದೆ. ಆದ್ದರಿಂದ ಎಂಜಿನ್ ಮಿತಿಮೀರಿ ಕಾದಾಗ ಹೀಟರ್ ತಣ್ಣಗಿದ್ದರೆ ಕೂಲೆಂಟ್ ಅಲ್ಲಿಗೆ ಬರುತ್ತಿಲ್ಲವೆಂದೇ ಮೊದಲು ಅನುಮಾನಿಸಬೇಕು: ಒಂದೋ ಅದು ಕಡಿಮೆಯಾಗಿದೆ, ಇಲ್ಲವೇ ನಡುವೆ ಗಾಳಿ ಕಟ್ಟಿಕೊಂಡಿದೆ, ಅಥವಾ ಪಂಪ್ ದೂಡುತ್ತಿಲ್ಲ. ಮುಳ್ಳಿಗಿಂತ ಹೀಟರಿನ ಗಾಳಿಯನ್ನು ನಂಬಬಹುದೆಂಬುದು ಈಗ ನನ್ನ ಅಭಿಪ್ರಾಯ. ಶಾಖ ಅಳೆಯುವ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿರಬೇಕು. ಕೂಲೆಂಟ್ ತೀರಾ ಇಳಿದು ಅದು ಗಾಳಿಯಲ್ಲಿ ಉಳಿದರೆ ಎಂಜಿನ್ ಸುಡುತ್ತಿರುವಾಗಲೇ ಮುಳ್ಳು ಕೆಳಗಿಳಿದು ನಮ್ಮನ್ನು ಸಮಾಧಾನಪಡಿಸುವುದೂ ಉಂಟು.

ಗ್ಯಾರೇಜಿನಲ್ಲಿ ಇದನ್ನು ಹೇಳಿದಾಗ ಸಿಕ್ಕ ಉತ್ತರ: “ನಮ್ಮ ಬದಿಗೆ ಹೀಟರ್ ಎಂತಕ್ಕೆ ಸರ್, ಮೇ ತಿಂಗಳಲ್ಲಿ ಕಾರೇ ಹೀಟರ್.” ನಗು ಬಂದರೂ ತೊಡಕು ಇರುವುದು ಅಲ್ಲಿಯೇ. ಘಟ್ಟದ ಕೆಳಗಿನ ನಾವು ವರ್ಷವಿಡೀ ಆ ಗುಂಡಿಯನ್ನು ಮುಟ್ಟುವುದಿಲ್ಲ. ಇದೇ ತರ್ಕದಿಂದ ಥರ್ಮೋಸ್ಟಾಟನ್ನು ಕಿತ್ತು ಬಿಸಾಡಿ, ಸೆಖೆಯ ಊರಿಗೆ ಅದು ಬೇಡವೆನ್ನುವವರೂ ಇದ್ದಾರೆ. ಹಾಗೆ ಮಾಡಿದ ಕಾರಿನ ಎಂಜಿನ್ ಹದವಾದ ಶಾಖಕ್ಕೆ ಬೇಗ ಬರುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಮಳೆಗಾಲದಲ್ಲಿ ಹೀಟರ್ ಉಗುರುಬೆಚ್ಚಗಾಗುವುದೂ ಕಷ್ಟ.

ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಬಾನೆಟ್ ಎತ್ತಿದೆ. ರೇಡಿಯೇಟರಿನ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲೆಂಟ್ ಮೇಲಿನ ಗೆರೆಗಿಂತ ತುಸು ಮೇಲೆಯೇ ಇತ್ತು. ಇಷ್ಟು ದಿನ ನಾನು ನೋಡಿ ತೃಪ್ತಿಪಟ್ಟದ್ದು ಇದನ್ನೇ. ಆದರೆ ರೇಡಿಯೇಟರಿನ ಮುಚ್ಚಳ ತೆಗೆದು ತೋರುಬೆರಳು ಪೂರ್ತಿ ಇಳಿಸಿದರೂ ತುದಿಗೆ ಹಸಿ ತಾಗಲಿಲ್ಲ. ಮುಚ್ಚಳವನ್ನು ತಿರುಗಿಸಿ ನೋಡಿದರೆ ರಬ್ಬರ್ ಉಂಗುರ ಸೀಳಿತ್ತು, ನಡುವಿನ ಬಿಲ್ಲೆಯಷ್ಟಗಲದ ವಾಲ್ವ್ ಹಸಿರು ಕಿಲುಬಿನಲ್ಲಿ ಅಂಟಿಕೊಂಡಿತ್ತು.

ಈ ಮುಚ್ಚಳದ ಕೆಲಸ ಬಾಟಲಿಯ ಮುಚ್ಚಳದಷ್ಟು ಸರಳವಲ್ಲ. ಅದರ ಸ್ಪ್ರಿಂಗ್ ಒಳಗೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 1 ಬಾರ್ ಹೆಚ್ಚು, ಅಂದರೆ ಸುಮಾರು ಎರಡು ಪಟ್ಟು, ಒತ್ತಡ ಹಿಡಿದಿಡುತ್ತದೆ; ಆ ಒತ್ತಡದಲ್ಲಿ ಬರಿ ನೀರು ಕೂಡ 100 ಡಿಗ್ರಿಯ ಬದಲು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಒತ್ತಡ ಸೋರಿದರೆ, ಬಯಲಿನಲ್ಲಿ ತೊಂದರೆ ಕೊಡದ ಎಂಜಿನ್ ಎರಡನೇ ಗೇರಿನ ಏರಿನಲ್ಲಿ ಕುದಿಯಲು ಶುರುವಾಗುತ್ತದೆ. ಕಾದು ಹಿಗ್ಗಿದ ಕೂಲೆಂಟ್ ಮುಚ್ಚಳದ ಮೂಲಕ ಡಬ್ಬಿಗೆ ಹೋಗಿ, ಎಂಜಿನ್ ತಣಿದಾಗ ನಡುವಿನ ವಾಲ್ವಿನ ಮೂಲಕ ಹಿಂದಕ್ಕೆ ಬರಬೇಕು. ನಮ್ಮದರಲ್ಲಿ ಹೋದದ್ದು ಹಿಂದೆ ಬರುತ್ತಿರಲಿಲ್ಲ, ಸೀಳಿದ ರಬ್ಬರಿನ ಸಂದಿಯಿಂದ ಗಾಳಿ ಮಾತ್ರ ಒಳಗೆ ಸೇರುತ್ತಿತ್ತು. ಡಬ್ಬಿಯಿಂದ ತುಳುಕಿದ್ದು ದಾರಿಯಲ್ಲೇ ಚೆಲ್ಲಿಹೋಗುತ್ತಿದ್ದುದರಿಂದ ಅಂಗಳದಲ್ಲಿ ಕಲೆಯೂ ಬೀಳುತ್ತಿರಲಿಲ್ಲ. ಮೂರು ವಾರದ ಲೆಕ್ಕ ಇದೇ. (ಕೆಲವು ಕಾರುಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇಲ್ಲ, ಡಬ್ಬಿಯ ಮುಚ್ಚಳವೇ ಈ ಕೆಲಸ ಮಾಡುತ್ತದೆ. ಯಾವುದೇ ಆಗಲಿ, ಬಿಸಿಯಿರುವಾಗ ತೆರೆದರೆ ಕುದಿಯುವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ.)

ಎಲ್ಲ ಕಾರಿನ ಕಥೆಯೂ ಮುಚ್ಚಳದಲ್ಲಿ ಮುಗಿಯುವುದಿಲ್ಲ. ಕಾರವಾರದ ಗೆಳೆಯನ ಕಾರು ನಮ್ಮದಕ್ಕೆ ತದ್ವಿರುದ್ಧ: ಓಡುವಾಗ ತಂಪು, ಪೇಟೆಯಲ್ಲಿ ನಿಂತರೆ ಬಿಸಿ, ಹೀಟರ್ ಮಾತ್ರ ಸುಡುವಷ್ಟು ಬಿಸಿ. ಕೂಲೆಂಟ್ ತುಂಬಿದೆ, ಸುತ್ತುತ್ತಲೂ ಇದೆ, ಗಾಳಿ ಬೀಸುವವರಿಲ್ಲ ಎಂದು ಅದರ ಅರ್ಥ. ಎ.ಸಿ. ಹಾಕಿದರೂ ರೇಡಿಯೇಟರ್ ಫ್ಯಾನ್ ಕೆಲವೊಮ್ಮೆ ತಿರುಗುತ್ತಿರಲಿಲ್ಲ. ಕಡಲ ಉಪ್ಪುಗಾಳಿಗೆ ಫ್ಯಾನಿನ ಕನೆಕ್ಟರ್ ಕಿಲುಬು ಹಿಡಿದಿತ್ತು, ಅಲುಗಾಡಿಸಿದರೆ ತಿರುಗುತ್ತಿತ್ತು. ನಮ್ಮ ಕಾರು ಮಾರ್ಚಿನಲ್ಲಿ ಶಿರಸಿ ಪೇಟೆಯ ಗರ್ದಿಯಲ್ಲಿ ಮುಕ್ಕಾಲು ಗಂಟೆ ತೆವಳಿದರೂ ಬಿಸಿಯಾಗಿರಲಿಲ್ಲ. ಅದನ್ನು ಆಗಲೇ ಬರೆದಿಟ್ಟು ಮೆಕ್ಯಾನಿಕ್‌ಗೆ ಹೇಳಿದ್ದರೆ ಅವನಿಗೂ ದಾರಿ ಸಿಗುತ್ತಿತ್ತು. “ಒಮ್ಮೊಮ್ಮೆ ಹೀಟ್ ಆಗ್ತದೆ” ಎಂದಷ್ಟೇ ಹೇಳಿ ಕೀಲಿ ಕೊಟ್ಟುಬಂದವನು ನಾನು. ಏರಿನಲ್ಲೋ ನಿಂತಾಗಲೋ, ಎಷ್ಟು ಕಿಲೋಮೀಟರಿನ ಮೇಲೆ, ಆಗ ಹೀಟರಿನ ಗಾಳಿ ಹೇಗಿತ್ತು ಎಂಬ ಮೂರು ಮಾತಿನ ಚೀಟಿ ಕೊಡಬೇಕಿತ್ತು.

ಹೊಸ ಮುಚ್ಚಳಕ್ಕೆ ಮುನ್ನೂರು ರೂಪಾಯಿಯೂ ಆಗಲಿಲ್ಲ. ಹಲವು ಸಲ ಕಾದ ಎಂಜಿನ್ ಆದ್ದರಿಂದ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಎರಡು ಭಾಗಗಳ ನಡುವೆ ಕೂಲೆಂಟ್, ಆಯಿಲ್ ಸೋರದಂತೆ ತಡೆಯುವ ಪದರ) ಹೋಗಿದೆಯೇ ಎಂಬ ಭಯವಿತ್ತು. ಕೈಪಂಪಿನಿಂದ ಒತ್ತಡ ಹಾಕಿಸಿ ನೋಡಿದೆವು. ಕಾಲು ಗಂಟೆ ಪಂಪಿನ ಮುಳ್ಳು ಕದಲಲಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆಗಳಿರಲಿಲ್ಲ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಆಮೇಲೆ ಮಳೆಗಾಲ ಮುಗಿಯುವವರೆಗೂ ಘಟ್ಟ ಹತ್ತಿದ್ದೇವೆ, ಕೂಲೆಂಟ್ ಇಳಿದಿಲ್ಲ.

ಬಿಚ್ಚಿದ ಹಳೆಯ ಥರ್ಮೋಸ್ಟಾಟನ್ನು ಗ್ಯಾರೇಜಿನಿಂದ ಕೇಳಿ ತಂದಿದ್ದೆ. ಅದರ ಮೇಲೆ 82 ಎಂದು, ಅಂದರೆ ಬಾಯಿ ತೆರೆಯಬೇಕಾದ ಡಿಗ್ರಿ, ಅಚ್ಚಾಗಿತ್ತು. ಒಂದು ಭಾನುವಾರ ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಒಲೆ ಹಚ್ಚಿದೆ. ನೀರು ಕುದಿಯುವ ಮೊದಲೇ ಅದು ಅಚ್ಚುಕಟ್ಟಾಗಿ ಬಾಯಿ ತೆರೆಯಿತು, ತಣಿದಾಗ ಮುಚ್ಚಿಕೊಂಡಿತು. ಆ ಪಾತ್ರೆಯನ್ನು ಹೆಂಡತಿ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ, ಈಗ ಅದರಲ್ಲಿ ನಾನು ಕಾರು ತೊಳೆಯುತ್ತೇನೆ.