ಸೈಮನ್ ಹ್ಯಾರಿಸ್ ಒಳ್ಳೆಯ ಆರೋಗ್ಯ ಸಚಿವರಾಗಿದ್ದರಾ?

ಪರ: ಕೊಟ್ಟ ಮಾತಿನಂತೆ ಕಾನೂನು ತಂದರು

ಪರ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಐರ್ಲೆಂಡಿನ ಆರೋಗ್ಯ ಖಾತೆಯನ್ನು ಆಸೆಪಟ್ಟು ಕೇಳುವವರು ಕಡಿಮೆ. ಹಿಂದೆ ಆ ಖಾತೆ ನೋಡಿಕೊಂಡಿದ್ದ ಬ್ರಯಾನ್ ಕೋವೆನ್ ಅದಕ್ಕೆ ‘ಅಂಗೋಲಾ’ ಎಂದು ಹೆಸರಿಟ್ಟಿದ್ದರು. ಎಲ್ಲಿ ಕಾಲಿಟ್ಟರೂ ನೆಲಬಾಂಬು ಅಂತ. 2016ರ ಮೇ ತಿಂಗಳಲ್ಲಿ ಅದು ಹ್ಯಾರಿಸ್ ಕೈಗೆ ಬಂದಾಗ ಅವರಿಗೆ 29 ವರ್ಷ. ಸರ್ಕಾರಕ್ಕೆ ಬಹುಮತ ಇರಲಿಲ್ಲ. ಆದರೂ ನಾಲ್ಕು ವರ್ಷ ಉಳಿದರು. ಅದನ್ನೇ ಸಾಧನೆ ಎಂದರೆ ನೀವು ನಗಬಹುದು.

ಆದರೆ ಒಂದು ಕೆಲಸವನ್ನು ನಗಾಡಿ ತಳ್ಳಿಹಾಕಲು ಆಗುವುದಿಲ್ಲ. ಬೆಳಗಾವಿಯ ಮನೆಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್‌ನಲ್ಲಿ ಗಾಲ್ವೇಯಲ್ಲಿ ತೀರಿಕೊಂಡರು. 17 ವಾರದ ಗರ್ಭ ಉಳಿಯುವಂತಿರಲಿಲ್ಲ. ತೆಗೆದುಬಿಡಿ ಎಂದು ಕೇಳಿಕೊಂಡರೂ, ಭ್ರೂಣದ ಎದೆಬಡಿತ ಇದೆ ಎಂದು ತೆಗೆಯಲಿಲ್ಲ. ರಕ್ತಕ್ಕೆ ನಂಜೇರಿತು. ಸಂವಿಧಾನದಲ್ಲಿದ್ದ ಗರ್ಭಪಾತ ನಿಷೇಧದ ಬಗ್ಗೆ 2018ರ ಮೇ 25ರಂದು ನಡೆದ ಜನಮತಗಣನೆಯಲ್ಲಿ ಶೇ 66.4ರಷ್ಟು ಮಂದಿ ಬದಲಾವಣೆ ಬೇಕು ಎಂದರು. ಆ ವರ್ಷ ಮುಗಿಯುವುದರೊಳಗೆ ಕಾನೂನು ಬಂತು, 2019ರ ಜನವರಿ 1ಕ್ಕೆ ಸೇವೆಯೂ ಶುರುವಾಯಿತು. ನಮ್ಮನ್ನು ಕೇಳಲೇ ಇಲ್ಲ ಎಂದು ಕೆಲವು ಜಿಪಿ ಡಾಕ್ಟರುಗಳು (ಊರಿನ ಸಾಮಾನ್ಯ ವೈದ್ಯರು) ತಮ್ಮ ಸಭೆಯಿಂದ ಎದ್ದು ಹೋಗಿದ್ದರು. ಬೇರೆ ಯಾರಾದರೂ ಆಗಿದ್ದರೆ ‘ಮುಂದಿನ ವರ್ಷ ನೋಡೋಣ’ ಎನ್ನಲು ಅಷ್ಟೇ ಸಾಕಿತ್ತು. ಹ್ಯಾರಿಸ್ ತಾರೀಕು ಬದಲಿಸಲಿಲ್ಲ.

ಡಬ್ಲಿನ್‌ನಲ್ಲಿ ಕಟ್ಟುತ್ತಿದ್ದ ಮಕ್ಕಳ ಆಸ್ಪತ್ರೆಯ ಖರ್ಚು ಏರಿತು, ಸರಿ. ಹೇಳಿದ ದುಡ್ಡಿಗೇ ಮುಗಿದ ಸರ್ಕಾರಿ ಕಟ್ಟಡ ಯಾವ ದೇಶದಲ್ಲಿದೆ, ತೋರಿಸಿ. ಇನ್ನು ಕೋವಿಡ್-19 ಎಂದರೆ ಇದಕ್ಕೂ ಮೊದಲು 18 ಕೊರೊನಾ ವೈರಸ್ ಇದ್ದವು ಎಂದು ಅವರು ರೇಡಿಯೋದಲ್ಲಿ ಹೇಳಿದ್ದನ್ನು ಸಮರ್ಥಿಸುವ ಶಕ್ತಿ ನನಗಿಲ್ಲ. ಅವರೇ ಕ್ಷಮೆ ಕೇಳಿದ್ದಾರೆ, ಬಿಡಿ.

ವಿರೋಧ: ಟ್ರಾಲಿ ಮೇಲೆ ಮಲಗಿದ್ದವರನ್ನು ಕೇಳಿ

ಪರ ಬರೆಯುವವರು ಸವಿತಾ ಹೆಸರು ಎತ್ತೇ ಎತ್ತುತ್ತಾರೆ ಅಂತ ಗೊತ್ತು. ಆ ಹೆಸರು ಬಂದರೆ ಕನ್ನಡಿಗರು ಬಾಯಿ ಮುಚ್ಚಿಕೊಳ್ಳುತ್ತೇವೆ, ಅಲ್ವಾ? ಆ ಕಾನೂನು ತಂದಿದ್ದು ವರ್ಷಗಟ್ಟಲೆ ಬೀದಿಗಿಳಿದ ಹೆಂಗಸರು, ವೋಟು ಹಾಕಲೆಂದೇ ವಿಮಾನ ಹತ್ತಿ ಊರಿಗೆ ಬಂದ ಹುಡುಗಿಯರು. ಸಚಿವರು ಫೋಟೋಗೆ ನಿಂತರು. ಮುಂದಕ್ಕೆ ಹೋಗೋಣ.

ನಾನು ಉಡುಪಿ ಕಡೆಯವಳು. ಹ್ಯಾರಿಸ್ ಸಚಿವರಾಗಿದ್ದಾಗ ಐರ್ಲೆಂಡಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸ್. ಒಂದು ರಾತ್ರಿ ಎಂಬತ್ತು ದಾಟಿದ ಅಜ್ಜನ ಟ್ರಾಲಿಗೆ ಕಾರಿಡಾರಿನಲ್ಲಿ, ಚಾಕೊಲೇಟ್ ಮೆಷಿನ್ ಪಕ್ಕದಲ್ಲಿ ಜಾಗ ಸಿಕ್ಕಿತ್ತು. ಪರದೆ ಇಲ್ಲ, ಕರೆಯಲು ಬೆಲ್ ಇಲ್ಲ. ಮೂತ್ರಕ್ಕೆ ಅವಸರವಾಯಿತು. ನಾನು ಮತ್ತು ಕ್ಲೀನಿಂಗ್ ಮಾಡುವ ಹೆಂಗಸು ಬೆಡ್‌ಶೀಟಿನ ಎರಡು ತುದಿ ಹಿಡಿದು ನಿಂತೆವು. ಶೀಟಿನ ಆಚೆ ಒಬ್ಬ ಹುಡುಗ ಮೆಷಿನ್ನಿಗೆ ನಾಣ್ಯ ಹಾಕುತ್ತಿದ್ದ. ಅಜ್ಜ ನನಗೆ ‘ಸಾರಿ’ ಅಂದರು. ಅವರು ಯಾಕೆ ಸಾರಿ ಕೇಳಬೇಕು? ಬೆಳಗ್ಗೆ ಡ್ಯೂಟಿ ಮುಗಿಸಿ ಹೊರಡುವಾಗಲೂ ಅವರು ಅಲ್ಲೇ ಇದ್ದರು. ಮೇಲೆ ವಾರ್ಡಿನಲ್ಲಿ ಬೆಡ್ ಖಾಲಿಯಾದರೆ ತಾನೆ ಕೆಳಗಿನವರು ಮೇಲೆ ಹೋಗುವುದು? ಮನೆಗೆ ಹೋಗಬಹುದಾದ ಮುದುಕರನ್ನು ನೋಡಿಕೊಳ್ಳಲು ಹೊರಗೆ ಜನ ಇಲ್ಲ. ಹಾಗಾಗಿ ಅವರೂ ಬೆಡ್ ಬಿಡುವಂತಿಲ್ಲ. ಇದು ಇಲಾಖೆಯಲ್ಲಿ ಎಲ್ಲರಿಗೂ ಗೊತ್ತು. 2017ರಲ್ಲಿ ಎಲ್ಲ ಪಕ್ಷಗಳು ಕೂತು ಆರೋಗ್ಯ ವ್ಯವಸ್ಥೆ ಸರಿಪಡಿಸಲು ‘ಸ್ಲಾಂಚೆಕೇರ್’ ಎಂಬ ಹತ್ತು ವರ್ಷದ ಯೋಜನೆಯನ್ನೂ ಬರೆದವು. ಟ್ರಾಲಿ ಮಾತ್ರ ಕದಲಲಿಲ್ಲ.

2019ರ ಜನವರಿ ಕೊನೆಯಲ್ಲಿ ನರ್ಸ್‌ಗಳ ಸಂಘ ಮುಷ್ಕರಕ್ಕೆ ಇಳಿಯಿತು. ಆ ಸಂಘದ ನೂರು ವರ್ಷದ ಚರಿತ್ರೆಯಲ್ಲಿ ಅದು ಎರಡನೆಯದು. ಅಲ್ಲಿಯ ನರ್ಸ್‌ಗಳು ಸುಮ್ನೆ ಬೀದಿಗೆ ಬರುವವರಲ್ಲ. ಈ ಸಂಬಳಕ್ಕೆ ಹುಡುಗಿಯರು ಆಸ್ಟ್ರೇಲಿಯಾಕ್ಕೆ ಹೋಗುತ್ತಾರೆ, ಆ ಜಾಗಕ್ಕೆ ನಮ್ಮಂಥವರನ್ನು ಕರೆಸುತ್ತೀರಿ, ನಾವೂ ಹೋದರೆ? ಇಷ್ಟೇ ನಮ್ಮ ಪ್ರಶ್ನೆ ಇತ್ತು.

ಇದಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಹಗರಣದಲ್ಲಿ. ಕ್ಯಾನ್ಸರ್ ಬಂದ ಹೆಂಗಸರ ಹಳೆಯ ಸ್ಮಿಯರ್‌ಗಳನ್ನು (ಗರ್ಭಕೊರಳಿನಿಂದ ತಪಾಸಣೆಗೆ ತೆಗೆದ ಸ್ಯಾಂಪಲ್‌ಗಳನ್ನು) ಮತ್ತೆ ನೋಡಿದಾಗ ತಪ್ಪುಗಳು ಕಂಡಿದ್ದವು. ಅದನ್ನು ಅವರಿಗೇ ಹೇಳಿರಲಿಲ್ಲ. ಅವರಲ್ಲಿ ಒಬ್ಬರಾದ ವಿಕಿ ಫೆಲನ್ ಕೋರ್ಟಿಗೆ ಹೋಗಿ, ಬಾಯಿ ಮುಚ್ಚಿಕೊಂಡಿರುವ ಷರತ್ತಿಗೆ ಒಪ್ಪದೆ ಇದ್ದದ್ದರಿಂದ 2018ರ ಏಪ್ರಿಲ್‌ನಲ್ಲಿ ವಿಷಯ ಹೊರಬಿತ್ತು. ಆಗ ಸಚಿವರು ಏನು ಮಾಡಿದರು? ಬೇಕೆಂದವರಿಗೆಲ್ಲ ಮತ್ತೊಮ್ಮೆ ಉಚಿತ ಸ್ಮಿಯರ್ ಎಂದು ಘೋಷಿಸಿದರು. ಟಿವಿಯಲ್ಲಿ ಕೇಳಲು ಚೆಂದ. ಲ್ಯಾಬ್‌ಗಳಿಗೆ ಅಷ್ಟು ತಾಳುವ ಶಕ್ತಿ ಇರಲಿಲ್ಲ. ಸುಮಾರು 80 ಸಾವಿರ ಸ್ಯಾಂಪಲ್ ಬಾಕಿ ಬಿತ್ತು. ಹೆದರಿದ ಹೆಂಗಸರು ರಿಸಲ್ಟಿಗಾಗಿ ತಿಂಗಳುಗಟ್ಟಲೆ ಕಾದರು.

ಡಬ್ಲಿನ್‌ನ ಮಕ್ಕಳ ಆಸ್ಪತ್ರೆಗೆ 2017ರಲ್ಲಿ 98.3 ಕೋಟಿ ಯೂರೋ ಒಪ್ಪಿಗೆ ಸಿಕ್ಕಿತ್ತು. 2018ರ ಕೊನೆಗೆ ಅದು 143.3 ಕೋಟಿ. ಖರ್ಚು ಏರುತ್ತಿರುವುದು ಹ್ಯಾರಿಸ್‌ಗೆ ಆಗಸ್ಟ್‌ನಲ್ಲೇ ತಿಳಿದಿತ್ತು. ಹಣಕಾಸು ಸಚಿವರಿಗೆ ತಿಳಿದದ್ದು ನವೆಂಬರ್‌ನಲ್ಲಿ. ಮರು ಫೆಬ್ರವರಿಯ ಅವಿಶ್ವಾಸ ನಿರ್ಣಯದಲ್ಲಿ 58-53 ಮತಗಳಿಂದ ಬಚಾವಾದರು, ಅದೂ ಮುಖ್ಯ ವಿರೋಧ ಪಕ್ಷ ಫಿಯನ್ನಾ ಫಾಲ್ ಮತ ಹಾಕದೆ ಕೂತಿದ್ದರಿಂದ. 2024ರ ಏಪ್ರಿಲ್‌ನಲ್ಲಿ ಅವರು ಪ್ರಧಾನಿಯಾದರು. ಅಷ್ಟು ಹೊತ್ತಿಗೆ ಆಸ್ಪತ್ರೆಯ ಲೆಕ್ಕ 224 ಕೋಟಿ ಯೂರೋ ಮುಟ್ಟಿತ್ತು, ಅಲ್ಲಿ ಇನ್ನೂ ಒಂದು ಮಗುವೂ ಅಡ್ಮಿಟ್ ಆಗಿರಲಿಲ್ಲ.