ರಬ್ಬರ್ ಚಾವಣಿಗೆ ಟಾರು ಬಳಿದ ಪುಣ್ಯಾತ್ಮರು

ನಮ್ಮ ಬೆಂಗಳೂರಿನಲ್ಲಿ ಎಲ್ಲಾ ಸೋರಿಕೆಗೂ ಒಂದೇ ಔಷಧಿ. ಸಿಲಿಕೋನ್. ಸಿಂಕ್ ಸೋರಿದರೂ ಸಿಲಿಕೋನ್, ಕಿಟಕಿ ಸೋರಿದರೂ ಸಿಲಿಕೋನ್, ಮೀನಿನ ತೊಟ್ಟಿ ಸೋರಿದರೂ ಸಿಲಿಕೋನ್. ಅಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ಆದರೆ ನನ್ನ ಕಾರವಾನಿನ ರಬ್ಬರ್ ಚಾವಣಿಗೂ ಅದನ್ನೇ ಮೆತ್ತಿ, ಅದರ ಮೇಲೆ ಟಾರು ಬಳಿದು, "ಇನ್ನು ಹತ್ತು ವರ್ಷ ಮೇಲೆ ನೋಡಂಗಿಲ್ಲ ಸಾರ್" ಅಂತ ಕಳಿಸಿದರಲ್ಲ, ಆ ಪುಣ್ಯಾತ್ಮರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನಮ್ಮದು ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಪುಟ್ಟ ಮನೆಯಂತಿರುವ ಟ್ರೇಲರ್. ಅದರ ತಲೆ ಮೇಲೆ ಇರುವುದು ತಗಡಲ್ಲ. ಪ್ಲೈವುಡ್ ಮೇಲೆ ಅಂಟಿಸಿದ ಬಿಳಿ ಇಪಿಡಿಎಂ ಅನ್ನೋ ಕೃತಕ ರಬ್ಬರ್ ಹಾಳೆ. ಒಂದೂವರೆ ಮಿಲಿಮೀಟರ್ ದಪ್ಪ ಇದ್ದರೆ ಅದೇ ಹೆಚ್ಚು. ಹಾಳೆಯ ನಡುವೆ ಸುಮ್ನೆ ನೀರು ಇಳಿಯುವುದು ಅಪರೂಪ. ಸೋರುವುದೆಲ್ಲ ತೂತು ಕೊರೆದ ಕಡೆ. ಗಾಳಿ ಕಿಂಡಿ, ಏಸಿ, ಟಾಯ್ಲೆಟ್ ಪೈಪು, ಆಂಟೆನಾ, ಅಂಚಿನ ಅಲ್ಯೂಮಿನಿಯಂ ಪಟ್ಟಿಯ ಸ್ಕ್ರೂಗಳು. ಅಲ್ಲೆಲ್ಲ ಕೆಳಗೆ ಬ್ಯೂಟೈಲ್ ಟೇಪ್ ಅನ್ನೋ ಮೆತ್ತನೆಯ ಅಂಟುಪಟ್ಟಿ ಇರುತ್ತದೆ, ಮೇಲೆ ಸಂದು ಮುಚ್ಚುವ ಲ್ಯಾಪ್ ಸೀಲೆಂಟ್. ಮಟ್ಟಸವಾದ ಜಾಗಕ್ಕೆ ತಾನಾಗಿ ಹರಡಿಕೊಳ್ಳುವ ಸೀಲೆಂಟ್ ಬೇಕು. ಗೋಡೆ ಕಡೆ ಇಳಿಯುವ ಅಂಚಿಗೆ ಜಾರದೆ ನಿಲ್ಲುವ ಗಟ್ಟಿ ಸೀಲೆಂಟ್ ಬೇಕು. ಅಷ್ಟೇ ವಿದ್ಯೆ. ಗಾಡಿ ಓಡುವಾಗ ಕುಲುಕುತ್ತದೆ, ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಸೀಲೆಂಟ್ ಬಿರುಕು ಬಿಡುತ್ತದೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ಮೇಲೆ ಹತ್ತಿ ನೋಡಿ ಅನ್ನುತ್ತಾರೆ. ಆ ಲೆಕ್ಕ ಹಾಕಿದವರು ನಮ್ಮ ರಿಂಗ್ ರೋಡಿನ ಗುಂಡಿಗಳನ್ನು ಕಂಡವರಲ್ಲ.

ಏಪ್ರಿಲ್‌ನಲ್ಲಿ ಗಾಳಿ ಕಿಂಡಿಯ ಸುತ್ತ ಸಣ್ಣ ಬಿರುಕು ಕಾಣಿಸಿತು. ಬೆನ್ನು ನೋವಿದ್ದುದರಿಂದ ಮೈಸೂರು ರಸ್ತೆ ಕಡೆ ಗಾಡಿಗಳಿಗೆ ಬಾಡಿ ಕಟ್ಟುವ ಒಂದು ಶೆಡ್ಡಿಗೆ ಬಿಟ್ಟೆ. ಸುಮ್ನೆ ಬಿಡಲಿಲ್ಲ. ಇದು ರಬ್ಬರ್, ಸೋಪು ನೀರಲ್ಲೇ ತೊಳೆಯಬೇಕು, ಪೆಟ್ರೋಲ್ ಥಿನ್ನರ್ ಏನೂ ಮುಟ್ಟಿಸಬೇಡಿ ಅಂತ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ಹಾಕಬೇಕಾದ ಸೀಲೆಂಟ್ ಟ್ಯೂಬನ್ನೂ ನಾನೇ ಕೊಟ್ಟೆ. ಅದನ್ನು ಹುಡುಕಲು ಜೆ.ಸಿ. ರೋಡು, ಎಸ್.ಪಿ. ರೋಡು ಎಲ್ಲಾ ಅಲೆದು, ಪ್ರತಿ ಅಂಗಡಿಯಲ್ಲೂ "ಸಿಲಿಕೋನೇ ಬೆಸ್ಟ್ ಸಾರ್" ಅನ್ನೋ ಉಪದೇಶ ಕೇಳಿ, ಕೊನೆಗೆ ಅಮೆರಿಕದಿಂದ ಬರುತ್ತಿದ್ದ ಭಾವನ ಸೂಟ್‌ಕೇಸಿನಲ್ಲಿ ತರಿಸಿದ್ದೆ.

ಗಾಡಿ ವಾಪಸ್ ಬಂತು. ಟ್ಯೂಬೂ ವಾಪಸ್ ಬಂತು. ಮೂತಿ ಕೂಡ ಕತ್ತರಿಸಿರಲಿಲ್ಲ! ನಾನು ಬರೆದ ಚೀಟಿ ಬಾಗಿಲಲ್ಲೇ ಇತ್ತು, ಅದರ ಮೇಲೆ ಯಾರದೋ ಫೋನ್ ನಂಬರ್ ಗೀಚಿತ್ತು.

ಏಣಿ ಹಾಕಿ ಹತ್ತಿ ನೋಡಿದರೆ ಕರುಳು ಕಿತ್ತು ಬಂದಂತಾಯಿತು. ಹಳೇ ಸೀಲೆಂಟ್ ಎಬ್ಬಿಸಿಯೇ ಇಲ್ಲ. ಧೂಳಿನ ಮೇಲೇ ಬಾತ್‌ರೂಮ್ ಸಿಲಿಕೋನ್. "ಕೊಳೆ ಹೋಗಲಿ ಅಂತ ಥಿನ್ನರ್ ಹಾಕಿ ಉಜ್ಜಿದ್ವಿ ಸಾರ್, ಪಳಪಳ ಅಂತಿದೆ ನೋಡಿ" ಅಂತ ಬೇರೆ ಹೆಮ್ಮೆ. ಎಲ್ಲಕ್ಕಿಂತ ಮೇಲೆ, ಕಿಂಡಿಯ ಸುತ್ತ, ಮುಂದಿನ ಅಂಚಿನ ಉದ್ದಕ್ಕೂ, ಕರೀ ಟಾರು. ಬೋನಸ್ ಅಂತೆ. ಗ್ಯಾರಂಟಿಗೆ ಅಂತೆ.

ಇಪಿಡಿಎಂ ಬಿಸಿಲು ತಡೆಯುತ್ತದೆ, ಮಳೆ ತಡೆಯುತ್ತದೆ. ತಡೆಯದೇ ಇರುವುದು ಮುಖ್ಯವಾಗಿ ಪೆಟ್ರೋಲಿಯಂ. ಎಣ್ಣೆ, ಸೀಮೆಎಣ್ಣೆ, ಥಿನ್ನರ್, ಟಾರು, ಕೆಲವು ಕಾರ್ ಪಾಲಿಶ್ ಕೂಡ ಅದರೊಳಗೆ ಇಳಿದು ಹಿಗ್ಗಿಸಿಬಿಡುತ್ತವೆ. ಮೇ ತಿಂಗಳ ಬಿಸಿಲಿಗೆ ನನ್ನ ಚಾವಣಿ ಕಾದ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತು. ಟಾರು ಬಿದ್ದ ಕಡೆಯೆಲ್ಲ ರಬ್ಬರ್ ಪ್ಲೈವುಡ್ಡಿನಿಂದ ಎದ್ದು ನಿಂತಿತು. ಹಿಂದೆಯೇ ಕೃತ್ತಿಕಾ ಮಳೆ. ಸಾಯಂಕಾಲ ನಾಲ್ಕಕ್ಕೆ ಮೋಡ, ಐದಕ್ಕೆ ಆಲಿಕಲ್ಲು, ಆರಕ್ಕೆ ನಮ್ಮ ಹಾಸಿಗೆ ಒದ್ದೆಮುದ್ದೆ.

ತಮಾಷೆ ಏನೆಂದರೆ ನೀರು ಒಳಗೆ ಹೋಗಿದ್ದು ಮುಂದಿನ ಅಂಚಿನಲ್ಲಿ, ತೊಟ್ಟಿಕ್ಕಿದ್ದು ಹಿಂದಿನ ಹಾಸಿಗೆ ಮೇಲೆ. ಇಂಥ ಚಾವಣಿಯಲ್ಲಿ ನೀರು ಹಾಳೆಯ ಕೆಳಗೇ ಹರಿದು ಎಲ್ಲೋ ಸಂದು ಸಿಕ್ಕ ಕಡೆ ಇಳಿಯುತ್ತದೆ. ಇದನ್ನು ಶೆಡ್ಡಿನ ಮೇಸ್ತ್ರಿಗೆ ಹೇಳಿದರೆ ಅವರ ಉತ್ತರ ಕೇಳಿ.

"ಅದು ಏಸಿ ನೀರು ಸಾರ್."

"ಏಸಿ ಹಾಕೇ ಇಲ್ಲ ಸ್ವಾಮಿ, ಗಾಡಿ ನಿಂತಿದೆ."

"ಹಂಗಾದ್ರೆ ನಿಮ್ಮ ರಬ್ಬರೇ ಲೋಕಲ್ ಮಾಲು."

ನಾನು ಕೇಳುವುದು ಒಂದೇ ಪ್ರಶ್ನೆ. ಮೇಲೆ ಹಾಕಿರುವ ಹಾಳೆ ಯಾವುದು ಅಂತ ಒಂದು ಸಲ ಕೇಳಿಕೊಳ್ಳಲು ಏನು ರೋಗ? ಈ ಗಾಡಿಗಳಿಗೆ ಇಪಿಡಿಎಂ ಹಾಕುತ್ತಾರೆ, ಟಿಪಿಒ ಅನ್ನೋ ಪ್ಲಾಸ್ಟಿಕ್‌ನಂಥ ಹಾಳೆ ಹಾಕುತ್ತಾರೆ, ಫೈಬರ್ ಕೂಡ ಹಾಕುತ್ತಾರೆ. ಒಂದಕ್ಕೆ ಹೊಂದುವ ಅಂಟು ಇನ್ನೊಂದಕ್ಕೆ ಹೊಂದಬೇಕು ಅಂತಿಲ್ಲ. ಬಿಳಿ ರಬ್ಬರ್ ಹಾಳೆಯ ಅಂಚು ಸ್ವಲ್ಪ ಎತ್ತಿ ನೋಡಿದರೆ ಕೆಳಗೆ ಕಪ್ಪು ಕಾಣುತ್ತದೆ. ಹಳೇದಾದರೆ ಕೈಗೆ ಬಿಳಿ ಪುಡಿ ಹತ್ತುತ್ತದೆ. ಅರ್ಧ ನಿಮಿಷದ ಕೆಲಸ. ಡಾಕ್ಟರ್ ಬೇಡ, ಇಂಜಿನಿಯರ್ ಬೇಡ. ಅಷ್ಟೂ ಬೇಡ, ಬಾಗಿಲಿಗೆ ಅಂಟಿಸಿದ ಚೀಟಿ ಓದಿದರೆ ಸಾಕಿತ್ತು.

ಈಗ ರಿಪೇರಿ ಅಂದರೆ ಏನು ಗೊತ್ತಾ? ಮೊದಲು ಆ ಸಿಲಿಕೋನ್ ಪೂರ್ತಿ ಕೀಳಬೇಕು. ಅದು ರಬ್ಬರಿಗೆ ಸರಿಯಾಗಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಒಂದು ಪದರ ಉಳಿದರೂ ಅದರ ಮೇಲೆ ಸರಿಯಾದ ಸೀಲೆಂಟ್ ಕೂರುವುದಿಲ್ಲ. ಚಾಕು ಹಾಕಿದರೆ ಹಾಳೆ ಕುಯ್ಯುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆಯುತ್ತಾ ಕೂರಬೇಕು. ಟಾರು ಕುಡಿದ ರಬ್ಬರ್ ಮತ್ತೆ ಮೊದಲಿನಂತೆ ಆಗುವುದಿಲ್ಲ, ಅಷ್ಟನ್ನೂ ಕತ್ತರಿಸಿ ತೆಗೆಯಬೇಕು. ಕೆಳಗಿನ ಪ್ಲೈವುಡ್ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿದೆ, ಅದನ್ನೂ ಬದಲಾಯಿಸಬೇಕು. ಆಮೇಲೆ ಹೊಸ ತುಂಡು ಅಂಟಿಸಿ, ಅಂಚಿಗೆ ಸೀಲೆಂಟ್. ಎಲ್ಲವೂ ಒಣಗಿದ ಚಾವಣಿಯ ಮೇಲೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಈ ಊರಿನಲ್ಲಿ ಒಣಗಿದ ಚಾವಣಿ ಎಲ್ಲಿಂದ ತರಲಿ?

ಟಾರ್ಪಾಲ್ ಹೊದಿಸಿ ಅಂತ ಪಕ್ಕದ ಮನೆ ಅಂಕಲ್ ದಿನಾ ಹೇಳುತ್ತಾರೆ. ಹೊದಿಸಿದ್ದೇನೆ, ಬೇರೆ ದಾರಿ ಇಲ್ಲ. ಗಾಳಿಗೆ ಅದು ಪಟಪಟ ಬಡಿದು ಉಳಿದ ರಬ್ಬರನ್ನೂ ಉಜ್ಜುತ್ತಿದೆ, ಒಳಗಿನ ತೇವ ಹೊರಗೆ ಹೋಗುತ್ತಿಲ್ಲ. ಅದರ ಮೇಲೆ ಮೊನ್ನೆ ಇಂಟರ್‌ನೆಟ್ ಕೇಬಲ್ ಹುಡುಗ ಶೂ ಹಾಕಿಕೊಂಡೇ ಹತ್ತಿ ನಿಂತು, ಕಂಬದಿಂದ ಮೂರನೇ ಮಹಡಿಗೆ ವೈರ್ ಎಸೆಯುತ್ತಿದ್ದ. ಇಳಿಯಪ್ಪಾ ಅಂದರೆ, "ಗಟ್ಟಿಯಾಗಿದೆ ಅಣ್ಣ, ಏನೂ ಆಗಲ್ಲ" ಅಂದ. ಟಾರ್ಪಾಲ್ ತೆಗೆದು ನೋಡುವ ಧೈರ್ಯ ನನಗಂತೂ ಬಂದಿಲ್ಲ.

ಶೆಡ್ಡಿನವರು ಕೊಟ್ಟ ಪರಿಹಾರ ಇನ್ನೂ ಚೆನ್ನಾಗಿದೆ. ರಬ್ಬರ್ ಮೇಲೇ ಜಿ.ಐ. ಶೀಟ್, ಅಂದರೆ ಸತು ಲೇಪಿಸಿದ ತಗಡು, ಹಾಕಿ ಸ್ಕ್ರೂ ಹೊಡೆದುಬಿಡೋಣವಂತೆ. ಸೋರುವುದೇ ಸ್ಕ್ರೂ ತೂತಿನಲ್ಲಿ, ಇವರು ಇನ್ನೂ ನೂರು ತೂತು ಕೊರೆಯುತ್ತಾರಂತೆ. ಜೊತೆಗೆ ಆ ಭಾರ ಎಳೆಯುವುದು ನನ್ನ ಕಾರು. ಶೀಟಿನ ದುಡ್ಡು ನಾನು ಕೊಡಬೇಕು, ಲೇಬರ್‌ನಲ್ಲಿ ಸ್ವಲ್ಪ ಬಿಡುತ್ತಾರಂತೆ. ಎಂಥ ದೊಡ್ಡ ಮನಸ್ಸು ಅಲ್ವಾ?

ಬಿಲ್ ನನ್ನ ಹತ್ತಿರ ಇದೆ. ಸಿಲಿಕೋನ್ ಇಷ್ಟು, ಥಿನ್ನರ್ ಇಷ್ಟು, ಟಾರು ಇಷ್ಟು ಅಂತ ಅವರ ಕೈಯಲ್ಲೇ ಬರೆದು ಸೀಲ್ ಒತ್ತಿದ್ದಾರೆ. ಬೋನಸ್ ಅಂದಿದ್ದ ಟಾರಿಗೂ ರೇಟು ಹಾಕಿದ್ದಾರೆ, ಅದು ಆಮೇಲೆ ಕಣ್ಣಿಗೆ ಬಿತ್ತು. ಚಾವಣಿಯ ಫೋಟೋ, ಚೀಟಿಯ ಫೋಟೋ, ಮೂತಿ ಕತ್ತರಿಸದ ಟ್ಯೂಬಿನ ಫೋಟೋ ಎಲ್ಲಾ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ದೂರು ಕೊಟ್ಟೆ ಅಂತ ಹೇಳಿದ ಮೇಲೆ ಮೇಸ್ತ್ರಿಯ ದನಿ ಮೆತ್ತಗಾಯಿತು.

"ಬೇಜಾರ್ ಮಾಡ್ಕೋಬೇಡಿ ಸಾರ್. ಗಾಡಿ ತಗೊಂಡ್ ಬನ್ನಿ, ಫ್ರೀಯಾಗಿ ಇನ್ನೊಂದು ಕೋಟ್ ಹೊಡೆದು ಕೊಡ್ತೀವಿ."

"ಯಾವುದರ ಕೋಟು?"

"ಅದೇ ಸಾರ್, ಟಾರು."